ಸರ್ಕಲ್ಲಿನಲ್ಲಿ ಸನ್ನೆ: ಒಂದು ಶತಮಾನದ ಕಥೆ

ಮುಂದಿನ ಸಲ ನಿಮ್ಮೂರಿನ ಸರ್ಕಲ್ಲಿನ ಬಳಿ ಬಸ್ಸಿಗಾಗಿ ಕಾಯುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ನಡುವಿನ ಕಟ್ಟೆಯನ್ನು ಸುತ್ತಿ ಬರುತ್ತಿರುವ ಯಾವುದಾದರೂ ಒಂದು ವಾಹನವನ್ನು ಆರಿಸಿಕೊಳ್ಳಿ. ಅದು ಮುಂದಿನ ರಸ್ತೆಯಲ್ಲಿ ಹೊರಕ್ಕೆ ಹೋಗುತ್ತದೆಯೋ ಅಥವಾ ಇನ್ನೂ ಸುತ್ತುತ್ತದೆಯೋ ಎಂಬುದನ್ನು ಅದು ತಿರುಗುವ ಮೊದಲೇ ಹೇಳಲು ಪ್ರಯತ್ನಿಸಿ. ಹತ್ತು ವಾಹನಗಳಲ್ಲಿ ಎಷ್ಟರ ಬಗ್ಗೆ ನಿಮ್ಮ ಊಹೆ ಸರಿಯಾಯಿತು? ಇಂಡಿಕೇಟರ್ ದೀಪ ಮಿಣುಕಿದ್ದರೆ ಊಹೆಯ ಪ್ರಶ್ನೆಯೇ ಇರುತ್ತಿರಲಿಲ್ಲ. ಮಿಣುಕದೆ ಇದ್ದಾಗ ನೀವು ಚಾಲಕನ ಮುಖ, ಮುಂದಿನ ಚಕ್ರದ ಓರೆ, ವಾಹನದ ವೇಗ ಇವನ್ನೆಲ್ಲ ನೋಡಿ ಅಂದಾಜು ಮಾಡಬೇಕಾಗುತ್ತದೆ.

ನೀವು ನಿಂತಿರುವುದು ಪಾದಚಾರಿ ಮಾರ್ಗದಲ್ಲಿ. ಊಹೆ ತಪ್ಪಿದರೆ ನಷ್ಟವಿಲ್ಲ. ಆದರೆ ಸರ್ಕಲ್ಲಿನ ಬಾಯಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಒಳಕ್ಕೆ ನುಗ್ಗಲು ಕಾಯುತ್ತಿರುವವರೂ ಇದೇ ಅಂದಾಜನ್ನು ಮಾಡುತ್ತಿರುತ್ತಾರೆ. ಅವರ ಊಹೆ ತಪ್ಪಿದರೆ?

ವೃತ್ತಾಕಾರದ ಕೂಡುರಸ್ತೆ ಮತ್ತು ತಿರುವಿನ ಸನ್ನೆ, ಇವೆರಡೂ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು. ಎರಡೂ ತಪ್ಪು ದಾರಿ ಹಿಡಿದು, ಪೆಟ್ಟು ತಿಂದು, ತಿದ್ದಿಕೊಂಡು ಬೆಳೆದವು. ಆ ಕಥೆಯನ್ನು ತಿಳಿದರೆ ಸರ್ಕಲ್ಲಿನಲ್ಲಿ ಇಂಡಿಕೇಟರ್ ಯಾಕೆ ಹಾಕಬೇಕು, ಯಾವಾಗ ಹಾಕಬೇಕು ಎಂಬುದನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ.

ಚಾವಟಿ ಎತ್ತಿ ಸನ್ನೆ

ಇಪ್ಪತ್ತನೆಯ ಶತಮಾನದ ಆರಂಭದ ನ್ಯೂಯಾರ್ಕ್ ನಗರವನ್ನು ಕಲ್ಪಿಸಿಕೊಳ್ಳಿ. ಕುದುರೆ ಗಾಡಿಗಳು, ಟ್ರಾಮುಗಳು, ಸೈಕಲ್ಲುಗಳು, ಅಲ್ಲೊಂದು ಇಲ್ಲೊಂದು ಮೋಟಾರು ಕಾರು. ಯಾರು ಯಾವ ಬದಿಯಲ್ಲಿ ಹೋಗಬೇಕು, ಯಾರು ಯಾರಿಗೆ ದಾರಿ ಬಿಡಬೇಕು ಎಂಬುದಕ್ಕೆ ಗಟ್ಟಿಯಾದ ನಿಯಮವಿಲ್ಲ. ವಿಲಿಯಂ ಫೆಲ್ಪ್ಸ್ ಈನೋ ಎಂಬ ಶ್ರೀಮಂತನಿಗೆ ಈ ಗೊಂದಲ ಸಹಿಸಲಾಗಲಿಲ್ಲ. ಅವನು ಬರೆದ ಸಂಚಾರ ನಿಯಮಗಳನ್ನು ನ್ಯೂಯಾರ್ಕ್ ನಗರ 1903ರಲ್ಲಿ ಜಾರಿಗೆ ತಂದಿತು. ನಿಧಾನಿಸುವಾಗ ಅಥವಾ ನಿಲ್ಲಿಸುವಾಗ ಚಾವಟಿಯನ್ನೋ ಕೈಯನ್ನೋ ನೇರವಾಗಿ ಮೇಲೆತ್ತಬೇಕು, ತಿರುಗುವಾಗ ತಿರುಗುವ ದಿಕ್ಕನ್ನು ಅದರಿಂದಲೇ ತೋರಿಸಬೇಕು ಎಂಬುದು ಅದರಲ್ಲಿದ್ದ ಒಂದು ನಿಯಮ. ಇಂದಿನ ಇಂಡಿಕೇಟರಿನ ಪೂರ್ವಜ ಒಂದು ಚಾವಟಿ ಎಂದರೆ ಆಶ್ಚರ್ಯವಾಗಬಹುದು!

ಅದೇ ಈನೋ ಸೂಚಿಸಿದಂತೆ 1905ರಲ್ಲಿ ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್‌ನಲ್ಲಿ ವಾಹನಗಳೆಲ್ಲ ನಡುವಿನ ಸ್ಮಾರಕವನ್ನು ಒಂದೇ ದಿಕ್ಕಿನಲ್ಲಿ ಸುತ್ತುವ ವ್ಯವಸ್ಥೆ ಬಂದಿತು. ಸರ್ಕಲ್ಲು ಮತ್ತು ಸನ್ನೆ ಎರಡಕ್ಕೂ ಹೀಗೆ ಒಬ್ಬನೇ ವ್ಯಕ್ತಿಯ ಸಂಬಂಧವಿದೆ. ಸಂಚಾರಕ್ಕೆ ಶಿಸ್ತು ಕಲಿಸಿದ ಈ ಮನುಷ್ಯ ತಾನು ಮಾತ್ರ ಕಾರು ಓಡಿಸಲು ಕಲಿಯಲೇ ಇಲ್ಲ ಎನ್ನುತ್ತಾರೆ.

ಇತ್ತ ಫ್ರಾನ್ಸಿನಲ್ಲಿ ಯೂಜೀನ್ ಹೆನಾರ್ ಎಂಬ ವಾಸ್ತುಶಿಲ್ಪಿ ಇದೇ ವಿಚಾರವನ್ನು ಸ್ವತಂತ್ರವಾಗಿ ಚಿಂತಿಸಿದ್ದ. ದಾರಿಗಳು ಅಡ್ಡಡ್ಡ ಹಾಯುವ ಕಡೆ ಎಲ್ಲರನ್ನೂ ಒಂದೇ ದಿಕ್ಕಿನಲ್ಲಿ ಸುತ್ತಿಸಿದರೆ ಎದುರುಬದುರು ಡಿಕ್ಕಿಯೇ ಇರುವುದಿಲ್ಲ ಎಂಬುದು ಅವನ ತರ್ಕ. ಹನ್ನೆರಡು ಬೀದಿಗಳು ಬಂದು ಸೇರುವ ಪ್ಯಾರಿಸ್ಸಿನ ಎತ್ವಾಲ್ ಚೌಕದಲ್ಲಿ 1907ರಲ್ಲಿ ಏಕಮುಖ ಸುತ್ತು ಆರಂಭವಾಯಿತು. ಇಂಗ್ಲೆಂಡಿನ ಮೊದಲ ವೃತ್ತ ಎಂದು ಹೆಸರಾದದ್ದು ಲೆಚ್‌ವರ್ತ್ ಎಂಬ ಉದ್ಯಾನ ನಗರದ್ದು. ಅದು ಸುಮಾರು 1909ರದು.

ಭಾರತದಲ್ಲಿಯೂ ಈ ಆಕಾರಕ್ಕೆ ಬೇಗನೆ ಜಾಗ ಸಿಕ್ಕಿತು. 1931ರಲ್ಲಿ ಉದ್ಘಾಟನೆಯಾದ ಹೊಸ ದೆಹಲಿಯ ನಕ್ಷೆಯನ್ನು ನೋಡಿ, ಅದು ವೃತ್ತಗಳ ಸರಪಣಿಯಂತಿದೆ. ನಂತರ ಕಟ್ಟಿದ ಚಂಡೀಗಢದಲ್ಲಿಯೂ ಹಾಗೆಯೇ. ಮೈಸೂರಿನ ಕೆ.ಆರ್. ಸರ್ಕಲ್ಲಿನಲ್ಲಿ ಮಂಟಪದ ಕೆಳಗೆ ನಿಂತಿರುವ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆಯನ್ನು ವಾಹನಗಳು ಸುತ್ತುವುದನ್ನು ನೀವು ನೋಡಿರುತ್ತೀರಿ. ನಮ್ಮ ಮಾತಿನಲ್ಲಂತೂ ‘ಸರ್ಕಲ್’ ಎಷ್ಟು ಬೇರೂರಿದೆಯೆಂದರೆ, ನಡುವಿನ ಕಟ್ಟೆಯನ್ನು ಕಿತ್ತು ಸಿಗ್ನಲ್ ದೀಪ ಹಾಕಿದ ಮೇಲೂ ಆ ಜಾಗವನ್ನು ಸರ್ಕಲ್ ಎಂದೇ ಕರೆಯುತ್ತೇವೆ.

ಸರ್ಕಲ್ಲೇ ಕಟ್ಟಿಕೊಂಡಾಗ

ವಾಹನಗಳು ಕಡಿಮೆ ಇದ್ದಷ್ಟು ಕಾಲ ಎಲ್ಲವೂ ಸುಸೂತ್ರವಾಗಿತ್ತು. ಅವು ಹೆಚ್ಚಿದಂತೆ ವಿಚಿತ್ರ ತೊಂದರೆಯೊಂದು ತಲೆದೋರಿತು. ಸರ್ಕಲ್ಲುಗಳು ಇದ್ದಕ್ಕಿದ್ದಂತೆ ಸ್ತಬ್ಧವಾಗತೊಡಗಿದವು. ಒಂದೇ ಒಂದು ವಾಹನವೂ ಕೆಟ್ಟು ನಿಂತಿಲ್ಲ, ಅಪಘಾತವಾಗಿಲ್ಲ. ಆದರೂ ಯಾರೂ ಅಲುಗಾಡುವಂತಿಲ್ಲ.

ಕಾರಣ ಸರಳ. ಒಳಗೆ ಸುತ್ತುತ್ತಿರುವವರು ಹೊರಗಿನಿಂದ ಬರುವವರಿಗೆ ದಾರಿ ಬಿಡಲು ನಿಂತರು ಎನ್ನಿ. ಅವರ ಹಿಂದಿನ ವಾಹನಗಳೂ ನಿಲ್ಲುತ್ತವೆ. ಆ ಸಾಲು ಬೆಳೆದು ಹಿಂದಿನ ರಸ್ತೆಯ ಬಾಯಿಯನ್ನು ಮುಚ್ಚುತ್ತದೆ. ಆ ರಸ್ತೆಯಲ್ಲಿ ಹೊರಹೋಗಬೇಕಾದವರು ಈಗ ಅಲ್ಲಿಗೆ ತಲುಪಲಾರರು. ಅವರು ಹೊರಹೋಗದೆ ವೃತ್ತ ಖಾಲಿಯಾಗದು, ವೃತ್ತ ಖಾಲಿಯಾಗದೆ ಅವರು ಹೊರಹೋಗಲಾರರು. ಇಷ್ಟಾದರೂ ಹೊರಗಿನವರು ಒಳಗೆ ಬರುತ್ತಲೇ ಇರುತ್ತಾರೆ. ನಲ್ಲಿ ತೆರೆದಿದೆ, ಬಚ್ಚಲಿನ ತೂಬು ಕಟ್ಟಿದೆ ಎಂಬಂಥ ಸ್ಥಿತಿ.

ಇದಕ್ಕೆ ಮೊದಲು ಹೊಳೆದ ಉಪಾಯ ಸರ್ಕಲ್ಲನ್ನು ದೊಡ್ಡದು ಮಾಡುವುದು. ಸುತ್ತು ಉದ್ದವಾದರೆ ಒಳಬರುವವರೂ ಹೊರಹೋಗುವವರೂ ನಿಧಾನವಾಗಿ ಹೆಣೆದುಕೊಳ್ಳಬಹುದು ಎಂಬ ಲೆಕ್ಕ. ಆದರೆ ದೊಡ್ಡ ಸರ್ಕಲ್ಲಿಗೆ ಹೆಚ್ಚು ನೆಲ ಬೇಕು. ಜೊತೆಗೆ ದೊಡ್ಡ ಸುತ್ತಿನಲ್ಲಿ ವಾಹನಗಳ ವೇಗ ಹೆಚ್ಚುತ್ತದೆ, ಅಪಾಯವೂ ಹೆಚ್ಚುತ್ತದೆ. ಅಮೆರಿಕದಲ್ಲಿ 1950ರ ದಶಕದ ಹೊತ್ತಿಗೆ ಸರ್ಕಲ್ಲುಗಳ ಮೇಲಿನ ಮೋಹವೇ ಹೋಗಿತ್ತು.

ಒಂದೇ ನಿಯಮ, ಎರಡು ಫಲ

ಇಲ್ಲಿ ಒಂದು ಕ್ಷಣ ನಿಂತು ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಬಹಳ ದೇಶಗಳಲ್ಲಿ ಕೂಡುರಸ್ತೆಗೆ ಒಂದು ಹಳೆಯ ನಿಯಮವಿದೆ: ‘ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ.’ ಫ್ರಾನ್ಸಿನಲ್ಲಿಯೂ ಇದೇ ನಿಯಮ. ಭಾರತದ 1989ರ ರಸ್ತೆ ನಿಯಮಗಳಲ್ಲಿಯೂ ಮುಖ್ಯರಸ್ತೆಯೆಂದು ಗುರುತಿಸದ ಕೂಡುರಸ್ತೆಗಳಿಗೆ ಇದೇ ನಿಯಮವಿತ್ತು. ಈ ಒಂದೇ ನಿಯಮ ಸರ್ಕಲ್ಲಿನಲ್ಲಿ ಎರಡು ದೇಶಗಳಲ್ಲಿ ತದ್ವಿರುದ್ಧ ಫಲ ಕೊಡುತ್ತದೆ. ಹೇಗೆ?

ನಮ್ಮದು ಎಡಬದಿಯ ಸಂಚಾರ. ಸರ್ಕಲ್ಲಿನಲ್ಲಿ ನಾವು ನಡುವಿನ ಕಟ್ಟೆಯನ್ನು ಬಲಕ್ಕೆ ಇಟ್ಟುಕೊಂಡು, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಂತೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತೇವೆ. ಒಂದು ವೃತ್ತ ಬರೆದು, ದಕ್ಷಿಣದ ರಸ್ತೆಯಿಂದ ಉತ್ತರಕ್ಕೆ ಮುಖಮಾಡಿ ಒಂದು ವಾಹನ ಒಳಬರುತ್ತಿದೆ ಎಂದು ಗುರುತು ಮಾಡಿ. ವೃತ್ತದ ಆ ಭಾಗದಲ್ಲಿ ಸುತ್ತುವ ವಾಹನಗಳು ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಿರುತ್ತವೆ. ಅಂದರೆ ಅವು ಒಳಬರುವವನ ಬಲಗಡೆಯಿಂದ ಬರುತ್ತವೆ. ‘ಬಲದವರಿಗೆ ದಾರಿ ಬಿಡಿ’ ಎಂದರೆ ಇಲ್ಲಿ ಹೊರಗಿನವನು ಒಳಗಿನವನಿಗೆ ದಾರಿ ಬಿಡಬೇಕು. ವೃತ್ತ ತಾನಾಗಿ ಖಾಲಿಯಾಗುತ್ತಿರುತ್ತದೆ.

ಫ್ರಾನ್ಸಿನದು ಬಲಬದಿಯ ಸಂಚಾರ, ಅಪ್ರದಕ್ಷಿಣೆಯ ಸುತ್ತು. ಅದೇ ಚಿತ್ರದಲ್ಲಿ ಬಾಣಗಳನ್ನು ತಿರುಗಿಸಿ. ಈಗ ಸುತ್ತುವ ವಾಹನಗಳು ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತವೆ. ದಕ್ಷಿಣದಿಂದ ಒಳಬರುವವನು ಅವುಗಳ ಬಲಗಡೆ ಇರುತ್ತಾನೆ. ಆದ್ದರಿಂದ ಒಳಗಿನವರು ನಿಂತು ಹೊರಗಿನವನಿಗೆ ದಾರಿ ಬಿಡಬೇಕು. ಸರ್ಕಲ್ಲು ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ! ಫ್ರಾನ್ಸ್ 1984ರಲ್ಲಿ ವೃತ್ತದೊಳಗಿನವರಿಗೆ ಮೊದಲ ಹಕ್ಕು ಕೊಡುವ ನಿಯಮವನ್ನು ತಂದಿತು. ಆಮೇಲೆ ಅಲ್ಲಿ ಸರ್ಕಲ್ಲುಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಇಂದು ಅವುಗಳ ಸಂಖ್ಯೆ 30,000ವನ್ನೂ ಮೀರಿದೆ. ತಮಾಷೆಯೆಂದರೆ ಎತ್ವಾಲ್ ಚೌಕದಲ್ಲಿ ಮಾತ್ರ ಹಳೆಯ ನಿಯಮವೇ ಉಳಿದಿದೆ. ಅಲ್ಲಿ ಈಗಲೂ ಒಳಬರುವವನಿಗೇ ಮೊದಲ ಹಕ್ಕು.

ಬ್ಲ್ಯಾಕ್‌ಮೋರ್ ಮಾಡಿದ ಪ್ರಯೋಗ

ಬ್ರಿಟನ್ನಿನದು ನಮ್ಮಂತೆಯೇ ಎಡಬದಿಯ ಸಂಚಾರ. ಆದರೆ ಸರ್ಕಲ್ಲುಗಳಲ್ಲಿ ಯಾರಿಗೆ ಮೊದಲ ಹಕ್ಕು ಎಂಬುದಕ್ಕೆ ಅಲ್ಲಿ ಬಹುಕಾಲ ನಿಯಮವೇ ಇರಲಿಲ್ಲ. ಧೈರ್ಯವಿದ್ದವನು ಮೊದಲು ನುಗ್ಗುತ್ತಿದ್ದ. ಅಲ್ಲಿನ ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಫ್ರ್ಯಾಂಕ್ ಬ್ಲ್ಯಾಕ್‌ಮೋರ್, ಹಿಂದೆ ವಾಯುಪಡೆಯಲ್ಲಿ ವಿಮಾನ ಹಾರಿಸಿದ್ದವರು. ಹೊರಗಿನವರು ನಿಂತು ಒಳಗಿನವರಿಗೆ ದಾರಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲಿನ ವಾದವಾಗಿ ಬಿಡದೆ ಅವರು ಮತ್ತು ಅವರ ಸಂಗಡಿಗರು ನಿಜವಾದ ರಸ್ತೆಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಕಟ್ಟಿಕೊಳ್ಳುವ ರೋಗ ವಾಸಿಯಾಯಿತು. 1966ರ ನವೆಂಬರಿನಲ್ಲಿ ಈ ನಿಯಮ ಇಡೀ ಬ್ರಿಟನ್ನಿಗೆ ಅನ್ವಯವಾಯಿತು.

ನಿಯಮ ಬದಲಾದೊಡನೆ ಸರ್ಕಲ್ಲಿನ ಆಕಾರವೂ ಬದಲಾಗಬಹುದಾಯಿತು. ವಾಹನಗಳು ಒಂದರೊಳಗೊಂದು ಹೆಣೆದುಕೊಳ್ಳಲು ಉದ್ದ ಸುತ್ತು ಬೇಕಿಲ್ಲ. ಹೊರಗೆ ಕಾದು, ತೆರಪು ಸಿಕ್ಕಾಗ ಒಳಗೆ ಸೇರಿದರೆ ಸಾಕು. ಹಾಗಾಗಿ ಸರ್ಕಲ್ಲು ಕುಗ್ಗತೊಡಗಿತು. ಬರೀ ಬಣ್ಣ ಬಳಿದ ಬಿಲ್ಲೆಯಷ್ಟು ನಡುಭಾಗವಿರುವ ಪುಟಾಣಿ ಸರ್ಕಲ್ಲೊಂದು 1969ರಲ್ಲಿ ಪೀಟರ್‌ಬರೋ ಪಟ್ಟಣದಲ್ಲಿ ಬಂದಿತು. 1972ರಲ್ಲಿ ಸ್ವಿಂಡನ್‌ನಲ್ಲಿ ಐದು ಪುಟ್ಟ ಸರ್ಕಲ್ಲುಗಳನ್ನು ಒಂದು ದೊಡ್ಡ ಸುತ್ತಾಗಿ ಜೋಡಿಸಿ ‘ಮಾಯಾ ಸರ್ಕಲ್’ ಒಂದನ್ನು ನಿರ್ಮಿಸಿದರು. ಅದು ಇಂದಿಗೂ ಕೆಲಸ ಮಾಡುತ್ತಿದೆ.

ಅಮೆರಿಕಕ್ಕೆ ಈ ಹೊಸ ಬಗೆಯ ಸರ್ಕಲ್ಲು ಮರಳಿದ್ದು 1990ರಲ್ಲಿ, ನೆವಾಡ ರಾಜ್ಯದ ಸಮರ್‌ಲಿನ್ ಎಂಬಲ್ಲಿ. ಅಲ್ಲಿ ಸ್ಟಾಪ್ ಫಲಕ ಅಥವಾ ಸಿಗ್ನಲ್ ದೀಪಗಳಿದ್ದ 24 ಕೂಡುರಸ್ತೆಗಳನ್ನು ಸರ್ಕಲ್ಲುಗಳಾಗಿ ಬದಲಿಸಿದ ಮೇಲೆ ಆದ ಪರಿಣಾಮವನ್ನು ಅಳೆದು 2001ರಲ್ಲಿ ಪ್ರಕಟಿಸಿದರು. ಒಟ್ಟು ಅಪಘಾತಗಳು ಶೇಕಡ 38ರಷ್ಟು, ಗಾಯಗಳಾದ ಅಪಘಾತಗಳು ಶೇಕಡ 76ರಷ್ಟು ಇಳಿದಿದ್ದವು. ಸಾವು ಮತ್ತು ಅಂಗವೈಕಲ್ಯ ತರುವಂಥವು ಸುಮಾರು ಶೇಕಡ 90ರಷ್ಟು ತಗ್ಗಿದವೆಂಬ ಅಂದಾಜೂ ಇತ್ತು.

ಇಷ್ಟು ದೊಡ್ಡ ಇಳಿಕೆಗೆ ಕಾರಣ ಜ್ಯಾಮಿತಿ ಮತ್ತು ಭೌತವಿಜ್ಞಾನ. ನಾಲ್ಕು ರಸ್ತೆಗಳು ಸೇರುವ ಸಾಮಾನ್ಯ ಚೌಕದಲ್ಲಿ ವಾಹನಗಳ ಪಥಗಳು ಒಂದನ್ನೊಂದು ಸಂಧಿಸುವ ಬಿಂದುಗಳು 32. ಅವುಗಳಲ್ಲಿ 16 ಅಡ್ಡಹಾಯುವವು. ಒಂಟಿ ಸಾಲಿನ ಸರ್ಕಲ್ಲಿನಲ್ಲಿ ಇಂಥ ಬಿಂದುಗಳು 8 ಮಾತ್ರ, ನಾಲ್ಕು ಸೇರುವವು, ನಾಲ್ಕು ಬೇರ್ಪಡುವವು. ಅಡ್ಡಹಾಯುವುದು ಒಂದೂ ಇಲ್ಲ. ಜೊತೆಗೆ ತಿರುವು ವೇಗವನ್ನು ತಗ್ಗಿಸುತ್ತದೆ. ವೇಗ ಅರ್ಧವಾದರೆ ಚಲನಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಕೈಯಿಂದ ಕೈಮರಕ್ಕೆ, ಕೈಮರದಿಂದ ದೀಪಕ್ಕೆ

ಈಗ ಸನ್ನೆಯ ಕಡೆಗೆ ತಿರುಗೋಣ. ಚಾವಟಿ ಹೋದ ಮೇಲೆ ಚಾಲಕನ ಕೈ ಉಳಿಯಿತು. ಡ್ರೈವಿಂಗ್ ಲೈಸೆನ್ಸಿಗಾಗಿ ಓದಿದವರಿಗೆಲ್ಲ ಈ ಕೈಸನ್ನೆಗಳು ನೆನಪಿರುತ್ತವೆ. ಬಲಕ್ಕೆ ತಿರುಗಲು ಬಲಗೈಯನ್ನು ಅಂಗೈ ಮುಂದೆ ಮಾಡಿ ಅಡ್ಡ ಚಾಚಬೇಕು. ಎಡಕ್ಕಾದರೆ ಚಾಚಿದ ಬಲಗೈಯನ್ನು ಅಪ್ರದಕ್ಷಿಣೆಯಾಗಿ ತಿರುಗಿಸಬೇಕು. ಬ್ರಿಟನ್ನಿನಲ್ಲಿ 1931ರಲ್ಲಿ ಮೊದಲ ಬಾರಿಗೆ ಹೊರಬಂದ ‘ಹೈವೇ ಕೋಡ್’ ಪುಸ್ತಿಕೆಯಲ್ಲಿಯೂ ಇಂಥ ಕೈಸನ್ನೆಗಳಿದ್ದವು.

ಮಳೆಯಲ್ಲಿ, ಚಳಿಯಲ್ಲಿ, ಕತ್ತಲಲ್ಲಿ ಕೈಸನ್ನೆ ಸಾಲದು. ಮುಚ್ಚಿದ ಕಾರಿನಲ್ಲಿ ಕಿಟಕಿಯ ಗಾಜನ್ನು ಇಳಿಸಬೇಕಾದ ಕಷ್ಟ ಬೇರೆ. 1914ರ ಸುಮಾರಿಗೆ ಮೂಕಿ ಚಿತ್ರಗಳ ಹೆಸರಾಂತ ನಟಿ ಫ್ಲಾರೆನ್ಸ್ ಲಾರೆನ್ಸ್ ಒಂದು ಉಪಾಯ ಕಂಡುಕೊಂಡಳು. ಗುಂಡಿ ಒತ್ತಿದರೆ ಕಾರಿನ ಹಿಂಭಾಗದಲ್ಲಿ ಒಂದು ತೋಳು ಎದ್ದು ತಿರುಗುವ ದಿಕ್ಕನ್ನು ತೋರಿಸುತ್ತಿತ್ತು. ಅವಳು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಅದರಿಂದ ಹಣವೂ ಬರಲಿಲ್ಲ. 1925ರಲ್ಲಿ ಎಡ್ಗರ್ ವಾಲ್ಜ್ ಎಂಬಾತ ತಿರುವಿನ ದೀಪವೊಂದಕ್ಕೆ ಪೇಟೆಂಟ್ ಪಡೆದ. ಆದರೆ ಕಾರು ತಯಾರಕರು ಆಸಕ್ತಿ ತೋರಲಿಲ್ಲ.

ಯೂರೋಪಿನಲ್ಲಿ ಇದೇ ಹೊತ್ತಿಗೆ ಜನಪ್ರಿಯವಾದದ್ದು ‘ಟ್ರಾಫಿಕೇಟರ್’. ರೈಲು ನಿಲ್ದಾಣದ ಹಳೆಯ ಕೈಮರವನ್ನು ನೋಡಿದ್ದೀರಾ? ಅದರ ಪುಟ್ಟ ರೂಪವೇ ಇದು. ಕಾರಿನ ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ ಅಡಗಿರುತ್ತಿದ್ದ ತೋಳನ್ನು ವಿದ್ಯುತ್ಕಾಂತ ಮೇಲೆತ್ತುತ್ತಿತ್ತು. ಒಳಗಿನ ಪುಟ್ಟ ಬಲ್ಬು ಉರಿದು ಅದು ಕತ್ತಲಲ್ಲೂ ಕಾಣುತ್ತಿತ್ತು. ಕೊಳೆ ಸೇರಿದರೆ ತೋಳು ಸಿಕ್ಕಿಕೊಳ್ಳುತ್ತಿತ್ತು. ಆಗ ಚಾಲಕ ಕಂಬಕ್ಕೆ ಒಂದು ಗುದ್ದು ಕೊಟ್ಟು ಅದನ್ನು ಎಬ್ಬಿಸಬೇಕಿತ್ತು! ಮಾರಿಸ್ ಮೈನರ್ ಕಾರಿನಲ್ಲಿ 1961ರವರೆಗೂ ಟ್ರಾಫಿಕೇಟರ್ ಇತ್ತು.

ಅಮೆರಿಕದ ಬ್ಯೂಕ್ ಕಾರುಗಳಲ್ಲಿ 1939ರಲ್ಲಿ ಮಿಣುಕುವ ತಿರುವು ದೀಪಗಳು ಕಾರ್ಖಾನೆಯಿಂದಲೇ ಬಂದವು. ಮರುವರ್ಷ, ತಿರುವು ಮುಗಿದೊಡನೆ ತಾನಾಗಿ ಆರುವ ಏರ್ಪಾಡೂ ಸೇರಿತು. ಮಿಣುಕುವಿಕೆಯ ಹಿಂದಿನ ವಿಜ್ಞಾನ ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯದೇ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದಿರುತ್ತಾರೆ. ವಿದ್ಯುತ್ ಹರಿದು ಬಿಸಿಯಾದಾಗ ಈ ಜೋಡಿಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ, ದೀಪ ಆರುತ್ತದೆ. ತಣಿದಾಗ ನೇರವಾಗಿ ಸಂಪರ್ಕ ಕೂಡುತ್ತದೆ, ದೀಪ ಹೊತ್ತುತ್ತದೆ. ಹಳೆಯ ಕಾರುಗಳಲ್ಲಿ ಕೇಳುತ್ತಿದ್ದ ‘ಟಿಕ್ ಟಿಕ್’ ಸದ್ದು ಈ ಪಟ್ಟಿಯದು. ಒಂದು ಬಲ್ಬು ಸುಟ್ಟುಹೋದರೆ ವಿದ್ಯುತ್ ಪ್ರವಾಹ ಬದಲಾಗಿ ತಾಳವೂ ಬದಲಾಗುತ್ತಿತ್ತು. ಚಾಲಕನಿಗೆ ಅದೇ ಎಚ್ಚರಿಕೆ. ಈಗ ಈ ಕೆಲಸವನ್ನು ಎಲೆಕ್ಟ್ರಾನಿಕ್ ಮಂಡಲಗಳು ಮಾಡುತ್ತವೆ. ಜೋಡಿಪಟ್ಟಿ ಇಲ್ಲದ ಹೊಸ ಕಾರುಗಳಲ್ಲಿ ಆ ಸದ್ದನ್ನು ಸ್ಪೀಕರಿನಿಂದ ಬೇಕೆಂದೇ ಹೊರಡಿಸುತ್ತಾರೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಈ ದೀಪ ಹಳದಿಗೆಂಪು ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ರಿಂದ 120 ಬಾರಿ ಮಿಣುಕಬೇಕು.

ಒಂದು ಸನ್ನೆಯ ಬೆಲೆ ಎಷ್ಟು ಸೆಕೆಂಡು?

1966ರ ನಿಯಮ ಸರ್ಕಲ್ಲಿನ ರೋಗವನ್ನು ವಾಸಿ ಮಾಡಿತು ಎಂದೆವು. ಆದರೆ ಅದು ಒಂದು ಹೊಸ ಜವಾಬ್ದಾರಿಯನ್ನೂ ತಂದಿತು. ಹೊರಗೆ ಕಾಯುವವನು ಈಗ ಒಳಗಿನವರ ನಡುವಿನ ತೆರಪನ್ನು ಅಳೆಯಬೇಕು. ಬರುತ್ತಿರುವ ವಾಹನ ತನ್ನ ಮುಂದೆ ಹಾಯುತ್ತದೆಯೋ, ಅದಕ್ಕೂ ಮೊದಲೇ ಹೊರಬೀಳುತ್ತದೆಯೋ ಗೊತ್ತಾಗದಿದ್ದರೆ ತೆರಪನ್ನು ಅಳೆಯುವುದು ಹೇಗೆ? ಇಲ್ಲಿಯೇ ಸರ್ಕಲ್ಲಿನ ಕಥೆ ಮತ್ತು ಸನ್ನೆಯ ಕಥೆ ಒಂದಾಗುತ್ತವೆ.

ಒಂದು ಲೆಕ್ಕ ಮಾಡೋಣ. ಸರ್ಕಲ್ಲಿನಲ್ಲಿ ವಾಹನಗಳ ವೇಗ ಗಂಟೆಗೆ 25 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ನಾಲ್ಕು ಸೆಕೆಂಡಿಗೊಂದರಂತೆ ವಾಹನಗಳು ಬರುತ್ತಿವೆ. ಅವುಗಳಲ್ಲಿ ಒಂದು ಬಿಟ್ಟು ಒಂದು ನಿಮಗಿಂತ ಹಿಂದಿನ ರಸ್ತೆಯಲ್ಲಿ ಹೊರಹೋಗುತ್ತದೆ. ನೀವು ಸುರಕ್ಷಿತವಾಗಿ ಒಳಸೇರಲು ಸುಮಾರು 4.5 ಸೆಕೆಂಡುಗಳ ತೆರಪು ಬೇಕು ಎಂದಿಟ್ಟುಕೊಳ್ಳಿ. ಎಂಜಿನಿಯರುಗಳು ಬಳಸುವ ಅಂಕಿಯೂ ಇದರ ಆಸುಪಾಸಿನದೇ.

ಒಂದು ಕಾರು ಈಗಷ್ಟೇ ನಿಮ್ಮ ಮುಂದೆ ಹಾದುಹೋಯಿತು. ಆ ಕ್ಷಣವನ್ನು ಸೊನ್ನೆ ಎನ್ನೋಣ. ಎರಡನೆಯ ಕಾರು ಹಿಂದಿನ ರಸ್ತೆಯಲ್ಲಿ ಹೊರಹೋಗುವಂಥದು. ಮೂರನೆಯದು ನಿಮ್ಮ ಮುಂದೆ ಹಾಯುವುದು 8ನೆಯ ಸೆಕೆಂಡಿನಲ್ಲಿ. ಅಂದರೆ ನಿಮಗೆ ನಿಜವಾಗಿ 8 ಸೆಕೆಂಡುಗಳ ತೆರಪಿದೆ.

ಎರಡನೆಯ ಕಾರಿನ ಚಾಲಕ 1ನೆಯ ಸೆಕೆಂಡಿನಲ್ಲಿಯೇ ಎಡ ಇಂಡಿಕೇಟರ್ ಹಾಕಿದ ಎನ್ನಿ. ಅದನ್ನು ಕಂಡು ತೀರ್ಮಾನಿಸಲು ನಿಮಗೆ ಒಂದು ಸೆಕೆಂಡು ಸಾಕು. ಇನ್ನೂ 6 ಸೆಕೆಂಡುಗಳು ಉಳಿದಿವೆ, ನೀವು ನೆಮ್ಮದಿಯಾಗಿ ಒಳಸೇರಬಹುದು. ಅವನು ಸನ್ನೆಯನ್ನೇ ಕೊಡಲಿಲ್ಲ ಎನ್ನಿ. ಅವನ ಕಾರು ತಿರುಗುವುದು ನಿಮಗೆ ಕಾಣುವುದು 3ನೆಯ ಸೆಕೆಂಡಿನಲ್ಲಿ. ತೀರ್ಮಾನಿಸುವಾಗ 4ನೆಯ ಸೆಕೆಂಡು ಮುಗಿದಿರುತ್ತದೆ. ಉಳಿದದ್ದು 4 ಸೆಕೆಂಡು, ಸಾಲದು. ನೀವು ಕಾಯುತ್ತೀರಿ. ಎಲ್ಲರೂ ಹೀಗೆಯೇ ಮಾಡಿದರೆ ಅರ್ಧಕ್ಕರ್ಧ ಖಾಲಿಯಿರುವ ಸರ್ಕಲ್ಲಿನ ಮುಂದೆ ನೀವು ಕಾಯುತ್ತಲೇ ಇರುತ್ತೀರಿ. ನಿಮ್ಮ ಹಿಂದಿನವರ ಹಾರ್ನ್ ಏರುತ್ತದೆ, ತಾಳ್ಮೆ ಕೆಡುತ್ತದೆ. ಕೊನೆಗೆ ‘ಇವನೂ ಹೊರಗೆ ಹೋಗುತ್ತಾನೆ’ ಎಂದು ಊಹಿಸಿ ನುಗ್ಗುತ್ತೀರಿ. ಆ ಒಂದು ಊಹೆ ತಪ್ಪಿದ್ದರೆ ಅಪಘಾತ.

ಹಾಕದ ಸನ್ನೆಗಿಂತ ತಪ್ಪು ಸನ್ನೆ ಇನ್ನೂ ಕೆಟ್ಟದ್ದು ಎಂಬುದೂ ಇದರಿಂದ ಗೊತ್ತಾಗುತ್ತದೆ. ಎಡ ದೀಪ ಮಿಣುಕಿಸಿಕೊಂಡೇ ಸುತ್ತು ಮುಂದುವರಿಸುವವನು ಕಾಯುತ್ತಿರುವವರನ್ನು ತನ್ನ ದಾರಿಗೆ ಕೈಬೀಸಿ ಕರೆದಂತೆ.

ಯಾವಾಗ ಯಾವ ಸನ್ನೆ?

ಬ್ರಿಟನ್ನಿನ ಹೈವೇ ಕೋಡ್ ಹೇಳುವ ಕ್ರಮ ಎಡಬದಿಯ ಸಂಚಾರದ್ದಾದ್ದರಿಂದ ನಮಗೂ ನೇರವಾಗಿ ಹೊಂದುತ್ತದೆ. ಇದನ್ನು ಮೂರು ಮಾತುಗಳಲ್ಲಿ ಹೇಳಬಹುದು.

ಮೊದಲನೆಯ ರಸ್ತೆಯಲ್ಲಿಯೇ ಹೊರಹೋಗುವುದಾದರೆ, ಸರ್ಕಲ್ಲನ್ನು ಸಮೀಪಿಸುವಾಗಲೇ ಎಡ ಇಂಡಿಕೇಟರ್ ಹಾಕಿ, ಎಡ ಸಾಲಿನಲ್ಲಿಯೇ ಇದ್ದು, ಹಾಗೆಯೇ ಹೊರಬನ್ನಿ.

ನೇರ ಹೋಗುವುದಾದರೆ, ಸಮೀಪಿಸುವಾಗ ಯಾವ ಸನ್ನೆಯೂ ಬೇಡ. ನಿಮ್ಮ ರಸ್ತೆಗಿಂತ ಹಿಂದಿನ ರಸ್ತೆಯ ಬಾಯಿಯನ್ನು ದಾಟಿದೊಡನೆ ಎಡ ಇಂಡಿಕೇಟರ್ ಹಾಕಿ.

ಬಲಕ್ಕೆ ಹೋಗುವುದಾದರೆ ಅಥವಾ ಪೂರ್ತಿ ಸುತ್ತಿ ಬಂದ ದಾರಿಗೇ ಮರಳುವುದಾದರೆ, ಸಮೀಪಿಸುವಾಗ ಬಲ ಇಂಡಿಕೇಟರ್ ಹಾಕಿ ಬಲ ಸಾಲಿನಲ್ಲಿರಿ. ನಿಮ್ಮ ರಸ್ತೆಗಿಂತ ಹಿಂದಿನದನ್ನು ದಾಟಿದೊಡನೆ ಅದನ್ನು ಎಡಕ್ಕೆ ಬದಲಿಸಿ.

ಮೂರರಲ್ಲೂ ಸಮಾನವಾದ ಅಂಶವನ್ನು ಗಮನಿಸಿದಿರಾ? ಯಾವ ರಸ್ತೆಯಲ್ಲೇ ಹೊರಹೋಗಲಿ, ಹೊರಬೀಳುವಾಗ ಉರಿಯುತ್ತಿರಬೇಕಾದದ್ದು ಎಡ ದೀಪ. ಸರ್ಕಲ್ಲಿನಿಂದ ಹೊರಬರುವುದೆಂದರೆ ಎಡಕ್ಕೆ ತಿರುಗುವುದೇ ಅಲ್ಲವೆ? ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಆಯಿತು. ನಮ್ಮ ದೇಶದಲ್ಲಿ 1989ರ ನಿಯಮಗಳ ಬದಲು ಬಂದ 2017ರ ಚಾಲನಾ ನಿಯಮಗಳೂ ವೃತ್ತದೊಳಗಿನ ವಾಹನಕ್ಕೆ ಮೊದಲ ಹಕ್ಕು ಕೊಡುತ್ತವೆ. ಹಾಗಾಗಿ ಒಳಗಿರುವವನ ಸನ್ನೆ ಹೊರಗಿರುವವನಿಗೆ ಸಲ್ಲಬೇಕಾದ ಮರ್ಯಾದೆ.

ತಾನಾಗಿ ಆರುವ ಇಂಡಿಕೇಟರನ್ನು ನಂಬಿ ಕೂರಬೇಡಿ. ಆ ಏರ್ಪಾಡು ಹುಟ್ಟಿದ್ದು ಒಂದು ಸಲ ತಿರುಗಿ ನೇರವಾಗುವ ತಿರುವಿಗಾಗಿ. ಸರ್ಕಲ್ಲಿನಲ್ಲಿ ಸ್ಟಿಯರಿಂಗ್ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ತಿರುಗುತ್ತದೆ. ದೀಪ ಬೇಕಾದಾಗ ಆರಬಹುದು, ಬೇಡವಾದಾಗ ಉರಿಯುತ್ತಲೇ ಇರಬಹುದು. ಬೈಕು, ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಆರಿಸುವ ಹೊಣೆ ಸವಾರನದೇ.

ನಮ್ಮಲ್ಲಿ ಬೆಳೆದ ಎರಡು ಅಭ್ಯಾಸಗಳು

‘ನಾನು ನೇರ ಹೋಗುತ್ತೇನೆ’ ಎಂದು ತಿಳಿಸಲು ನಾಲ್ಕೂ ದೀಪಗಳನ್ನು ಒಟ್ಟಿಗೆ ಮಿಣುಕಿಸುವವರನ್ನು ನೀವು ನೋಡಿರುತ್ತೀರಿ. ಉದ್ದೇಶವೇನೋ ಒಳ್ಳೆಯದು. ಆದರೆ ಸರ್ಕಲ್ಲಿನ ಬಾಯಿಯಲ್ಲಿ ಕಾಯುತ್ತಿರುವವನಿಗೆ ನಿಮ್ಮ ವಾಹನದ ಎಡಬದಿ ಮಾತ್ರ ಕಾಣುತ್ತದೆ. ಅವನ ಪಾಲಿಗೆ ಅದು ಎಡಕ್ಕೆ ಹೊರಹೋಗುವ ಸನ್ನೆ. ನೀವು ಹೋಗುವುದು ಮಾತ್ರ ಅವನ ಮುಂದಿನಿಂದಲೇ! ನಾಲ್ಕು ದೀಪಗಳಿರುವುದು ಕೆಟ್ಟು ನಿಂತ ವಾಹನದಂಥ ಅಪಾಯವನ್ನು ಸೂಚಿಸಲು.

ಎರಡನೆಯದು, ಹಿಂದಿನವರಿಗೆ ‘ನನ್ನನ್ನು ದಾಟಿ ಹೋಗು’ ಎಂದು ಹೇಳಲು ಕೆಲವು ಲಾರಿ ಚಾಲಕರು ಇಂಡಿಕೇಟರ್ ಹಾಕುವುದು. ಒಂದೇ ದೀಪಕ್ಕೆ ‘ನಾನು ತಿರುಗುತ್ತೇನೆ’ ಎಂದೂ ‘ನೀನು ಹೋಗು’ ಎಂದೂ ಎರಡು ಅರ್ಥ ಬಂದರೆ ಅದನ್ನು ಭಾಷೆ ಎನ್ನುವುದು ಹೇಗೆ? ಹೇಳುವವನಿಗೂ ಕೇಳುವವನಿಗೂ ಅರ್ಥ ಒಂದೇ ಆಗಿದ್ದಾಗ ಮಾತ್ರ ಸನ್ನೆ ಸನ್ನೆಯಾಗುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 12,000 ವಾಹನಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ರಸ್ತೆಯ ಸಾಲು ಬದಲಿಸುವಾಗ ಶೇಕಡ 48 ಮಂದಿ ಇಂಡಿಕೇಟರ್ ಹಾಕಲಿಲ್ಲ ಅಥವಾ ಆರಿಸಲಿಲ್ಲ. ತಿರುಗುವಾಗ ಹೀಗೆ ಮಾಡಿದವರು ಶೇಕಡ 25.

ತರಗತಿಗೊಂದು ಚಟುವಟಿಕೆ

ಶಿಕ್ಷಕರು ಇದನ್ನು ಒಂದು ಸುಲಭ ಪ್ರಯೋಗವನ್ನಾಗಿ ಮಾಡಬಹುದು. ಊರಿನ ಒಂದು ಸರ್ಕಲ್ಲಿನ ಬಳಿ, ಪಾದಚಾರಿ ಮಾರ್ಗದ ಮೇಲೆ ಸುರಕ್ಷಿತ ಜಾಗದಲ್ಲಿ ವಿದ್ಯಾರ್ಥಿಗಳನ್ನು ನಿಲ್ಲಿಸಿ. ಒಂದು ರಸ್ತೆಯಲ್ಲಿ ಹೊರಬೀಳುವ 100 ವಾಹನಗಳನ್ನು ಎಣಿಸಲಿ. ಎಡ ದೀಪ ಹಾಕಿದವರು, ಹಾಕದವರು, ತಪ್ಪು ದೀಪ ಹಾಕಿದವರು ಎಂದು ಮೂರು ಕಂಬಸಾಲುಗಳಲ್ಲಿ ಗೀಟು ಹಾಕಲಿ. ಕಾರು, ಬಸ್ಸು, ಆಟೋ, ಬೈಕು ಎಂದು ಬೇರೆ ಬೇರೆಯಾಗಿಯೂ ಲೆಕ್ಕ ಇಡಬಹುದು. ಇನ್ನೊಂದು ಗುಂಪು ನಿಲ್ಲುವ ಗಡಿಯಾರ ಹಿಡಿದು, ಒಳಸೇರಲು ಕಾದ ವಾಹನಗಳು ಎಷ್ಟೆಷ್ಟು ಸೆಕೆಂಡು ಕಾದವು ಎಂಬುದನ್ನು ಬರೆದುಕೊಳ್ಳಲಿ. ತರಗತಿಗೆ ಮರಳಿ ಎರಡನ್ನೂ ಹೋಲಿಸಿ. ಸಂಖ್ಯಾಶಾಸ್ತ್ರದ ಪಾಠವೂ ಆಯಿತು, ನಾಗರಿಕತೆಯ ಪಾಠವೂ ಆಯಿತು.

ಈ ವಿದ್ಯಾರ್ಥಿಗಳು ಇನ್ನು ಕೆಲವೇ ವರ್ಷಗಳಲ್ಲಿ ಸ್ಕೂಟರ್ ಕೀಲಿ ಕೈಯಲ್ಲಿ ಹಿಡಿಯುವವರು. ಸರ್ಕಲ್ಲಿಗೆ ಸರಿಯಾದ ನಿಯಮ ಸಿಗಲು ಆರು ದಶಕಗಳೇ ಬೇಕಾದವು. ಮಿಣುಕುವ ದೀಪ ಎಲ್ಲ ವಾಹನಗಳಿಗೂ ಬರಲು ಅದಕ್ಕೆ ಕಡಿಮೆಯಿಲ್ಲದ ಕಾಲ ಹಿಡಿಯಿತು. ಈಗ ನಿಯಮವೂ ಇದೆ, ದೀಪವೂ ಇದೆ. ಇವೆರಡನ್ನೂ ಕೂಡಿಸಬೇಕಾದದ್ದು ಹ್ಯಾಂಡಲಿನ ಮೇಲಿರುವ ಒಂದು ಹೆಬ್ಬೆರಳು. ಸರ್ಕಲ್ಲಿನಿಂದ ಹೊರಬೀಳುವ ಮೊದಲು ಅದು ಎಡಕ್ಕೆ ಸರಿಯಲಿ. ನಿಮ್ಮನ್ನು ನೋಡುತ್ತಾ ಕಾಯುತ್ತಿರುವ ಒಬ್ಬರು ಅಲ್ಲಿ ಇದ್ದೇ ಇರುತ್ತಾರೆ.